ಫಿಟ್ಟರ್ ಅಣ್ಣನ ಅಡುಗೆಮನೆ

ನನ್ನ ಹುರುಳಿ ಕಟ್ಟಿನ ಸಾರಿಗೆ ನಮ್ಮ ನೆಂಟರಿಷ್ಟರಲ್ಲಿ ಒಂದು ಹೆಸರಿದೆ. ಅದನ್ನು ಮಾಡಿದ ದಿನ ನನ್ನ ಮಾವನವರು ಎರಡನೇ ಸಲ ಅನ್ನ ಹಾಕಿಸಿಕೊಂಡು, "ಯಾರು ಕಲಿಸಿದ್ದಮ್ಮ ಇದನ್ನ? ನಿಮ್ಮ ತಾಯಿನಾ?" ಎಂದು ಕೇಳುತ್ತಾರೆ. ಮದುವೆಯಾಗಿ ಇಷ್ಟು ವರ್ಷವಾದರೂ ಕೇಳುತ್ತಾರೆ; ಗೊತ್ತಿದ್ದೇ ಕೇಳುತ್ತಾರೆ. "ಅಲ್ಲ ಮಾವ, ಕಾರ್ಖಾನೆಯ ಫಿಟ್ಟರ್ ಒಬ್ಬರು" ಎನ್ನುತ್ತೇನೆ. ಹಾಗೆನ್ನುವಾಗ ನನ್ನ ದನಿ ಒಂದಿಷ್ಟು ಏರುತ್ತದೆ ಎಂದು ನನ್ನ ಗಂಡ ತಮಾಷೆ ಮಾಡುತ್ತಾರೆ. ಏರಲಿ. ಆ ಫಿಟ್ಟರ್ ಕೈಯಡುಗೆಯನ್ನು ಎರಡು ವರ್ಷ ಉಂಡವಳು ನಾನು.

ಆ ಫಿಟ್ಟರ್ ತೀರಿಕೊಂಡು ಐದು ತಿಂಗಳಾಯಿತು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಭದ್ರಾವತಿಯ ಅವರ ಕೇರಿಯಲ್ಲಿ ಆ ಹೆಸರು ಹೇಳಿ ವಿಚಾರಿಸಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಫಿಟ್ಟರ್ ಎಂದರೆ ಸಾಕಾಗಿತ್ತು. ನನಗೆ ಅವರು ಫಿಟ್ಟರ್ ಅಣ್ಣ. ಅವರ ಹೆಂಡತಿ ನನಗೆ ಅಕ್ಕ, ಅವರ ತಾಯಿ ಅಜ್ಜಿ. ಒಬ್ಬಳೇ ಮಗಳು, ಆಗ ಒಂಬತ್ತನೇ ಕ್ಲಾಸಿನಲ್ಲಿದ್ದಳು.

ನನ್ನ ಊರು ಹೊಳಲೂರು. ಡಿಪ್ಲೊಮಾ ಮುಗಿಸಿದ ಮೇಲೆ ಮಾಚೇನಹಳ್ಳಿಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಸ್ಟೋರ್ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಊರಿಂದ ಶಿವಮೊಗ್ಗಕ್ಕೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ತಿಂಗಳಿಡೀ ತಡವಾಗಿ ಹೋಗಿ ಬೈಸಿಕೊಂಡ ಮೇಲೆ, ಜೊತೆಗೆ ಕೆಲಸ ಮಾಡುತ್ತಿದ್ದವರೊಬ್ಬರು ಭದ್ರಾವತಿಯ ಹಳೇನಗರದಲ್ಲಿ ಒಂದು ಕೋಣೆ ತೋರಿಸಿದರು. ಹೆಂಚಿನ ಮನೆಯ ಹಿಂಭಾಗದಲ್ಲಿ ಒಂದು ಕೋಣೆ, ಊಟ ಮನೆಯವರ ಜೊತೆಗೇ. ನಾನು ಪೆಟ್ಟಿಗೆ ಇಳಿಸಿದ ದಿನ ಫಿಟ್ಟರ್ ಅಣ್ಣ ಜಗಲಿಯ ಮೇಲೆ ಹಳೆಯ ಗೋಣಿಚೀಲ ಹಾಸಿಕೊಂಡು ತಮ್ಮ ಸ್ಪ್ಯಾನರುಗಳನ್ನೆಲ್ಲ ಸಾಲಾಗಿ ಇಟ್ಟು ಒಂದೊಂದಕ್ಕೂ ಎಣ್ಣೆ ಬಟ್ಟೆ ಒತ್ತುತ್ತಿದ್ದರು. ಯಾವುದೋ ಕೆಲಸಕ್ಕೆ ಹೊರಟಿದ್ದಾರೆ ಎಂದುಕೊಂಡೆ. ಮುಂದಿನ ವಾರವೂ ಅದೇ ಗೋಣಿಚೀಲ, ಅದೇ ಸ್ಪ್ಯಾನರು, ಅದೇ ಎಣ್ಣೆ. ಅವರಿದ್ದ ಕಾರ್ಖಾನೆ ನಿಂತು ಆಗಲೇ ಒಂದು ವರ್ಷವಾಗಿತ್ತು. ವಾರಕ್ಕೊಮ್ಮೆ ಹೊರಗೆ ತೆಗೆಯುವುದು, ಒರೆಸುವುದು, ಮತ್ತೆ ಒಳಗಿಡುವುದು. ಮಾತು ಬಹಳ ಕಡಿಮೆ. "ಊಟ ಆಯ್ತಾ ಹೊಳಲೂರು?" ಎನ್ನುವರು. ನನ್ನನ್ನು ಕೊನೆಯವರೆಗೂ ಊರಿನ ಹೆಸರಿನಿಂದಲೇ ಕರೆದರು.

ಮನೆ ನಡೆಯುತ್ತಿದ್ದದ್ದು ಅಕ್ಕನ ದುಡಿಮೆಯಲ್ಲಿ. ಅಕ್ಕ ಗಾರ್ಮೆಂಟ್ಸಿಗೆ ಹೋಗುತ್ತಿದ್ದರು. ಬೆಳಗ್ಗೆ ಬೇಗ ಕಂಪನಿಯ ಬಸ್ಸು ಬರುವಷ್ಟರಲ್ಲಿ ನಾಷ್ಟಾ, ಮಧ್ಯಾಹ್ನದ ಸಾರು, ಮುದ್ದೆ, ಎಲ್ಲರ ಡಬ್ಬಿ ಎಲ್ಲ ಮುಗಿಸಿ ಓಡಬೇಕು. ಸಂಜೆ ಬಂದು ಮತ್ತೆ ಒಲೆಯ ಮುಂದೆ. ಗಂಡ ಜಗಲಿಯ ಮೇಲೆ ಕೂತಿರುವುದನ್ನು ಅವರು ಎಂದೂ ಎತ್ತಿ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತೋ ಏನೋ.

ನಾನು ಹೋಗಿ ಎರಡು ತಿಂಗಳಾಗಿರಬಹುದು, ಒಂದು ಬೆಳಗ್ಗೆ ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಓಡಿಹೋಗಿ ನೋಡಿದರೆ ಅಕ್ಕ ಒಲೆಯ ಪಕ್ಕದಲ್ಲಿ ಕುಸಿದಿದ್ದರು. ಕೈಯಲ್ಲಿ ಮುದ್ದೆ ಕೋಲು ಹಾಗೇ ಇತ್ತು, ತುಟಿ ಬಿಳಚಿಕೊಂಡಿತ್ತು. ಫಿಟ್ಟರ್ ಅಣ್ಣ ಮೊದಲು ಗ್ಯಾಸ್ ಆರಿಸಿದರು, ಆಮೇಲೆ ಹೆಂಡತಿಯ ತಲೆಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು. ಆಟೊ ಕರೆದವಳು ನಾನು.

ಶಿವಮೊಗ್ಗದ ಆಸ್ಪತ್ರೆಗೆ ಹೋದೆವು. ಗರ್ಭಕೋಶದಲ್ಲಿ ಗಡ್ಡೆಯಿದೆ, ತುಂಬಾ ದಿನದಿಂದ ರಕ್ತ ಹೋಗುತ್ತಿದೆ, ಆಪರೇಷನ್ ಮಾಡಲೇಬೇಕು ಎಂದರು ಡಾಕ್ಟರಮ್ಮ. ಆದರೆ ಮೈಯಲ್ಲಿ ರಕ್ತವೇ ಇಲ್ಲದಿರುವಾಗ ಹೇಗೆ ಮಾಡುವುದು? ಗಡ್ಡೆ ಇನ್ನೂ ಸಣ್ಣದು, ಮೂರು ತಿಂಗಳು ತಡೆಯಬಹುದು. ರಕ್ತಸ್ರಾವ ನಿಲ್ಲುವುದಕ್ಕೆ ಒಂದು ಮಾತ್ರೆ, ರಕ್ತ ಹೆಚ್ಚುವುದಕ್ಕೆ ಇನ್ನೊಂದು ಮಾತ್ರೆ ಬರೆದುಕೊಟ್ಟು, "ಚೆನ್ನಾಗಿ ಊಟ ಕೊಡಿ" ಎಂದರು.

ಫಿಟ್ಟರ್ ಅಣ್ಣ ಎದ್ದು ನಿಂತವರು ಮತ್ತೆ ಕೂತರು. "ಚೆನ್ನಾಗಿ ಅಂದ್ರೆ ಏನ್ ಮೇಡಂ? ದಾಳಿಂಬೆ, ಖರ್ಜೂರ, ಅವೆಲ್ಲ ನಮ್ಮ ಕೈಲಿ ದಿನಾ ಆಗಲ್ಲ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಅವರನ್ನು ನೋಡಿದರು. "ದಾಳಿಂಬೆ ಯಾರು ಕೇಳಿದ್ರು? ಸೊಪ್ಪು, ಕಾಳು, ರಾಗಿ, ವಾರಕ್ಕೆ ಎರಡು ಮೂರು ಸಲ ಮೊಟ್ಟೆ. ನಿಂಬೆಹುಳಿ ಹಿಂಡಿ ಕೊಡಿ. ಊಟದ ಜೊತೆ ಟೀ ಬೇಡ. ಮಾತ್ರೆ ಒಂದು ದಿನಾನೂ ತಪ್ಪಬಾರದು. ಮುಖ್ಯ ಏನಂದ್ರೆ, ಹೊಟ್ಟೆ ತುಂಬ ತಿನ್ನಬೇಕು."

ಬಸ್ಸಿನಲ್ಲಿ ವಾಪಸ್ ಬರುವಾಗ ಅವರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಮಾಚೇನಹಳ್ಳಿ ದಾಟಿದ ಮೇಲೆ ಒಂದೇ ಮಾತು, ಅದೂ ಯಾರಿಗೂ ಅಲ್ಲದ ಹಾಗೆ: "ಒಂದ್ ವರ್ಷ ಮೆಶಿನ್ ನಿಂತಿತ್ತು ಅಂತ ನಾನು ಅಳ್ತಾ ಕೂತಿದ್ದೆ. ಮನೇಲಿ ಓಡ್ತಿರೋ ಮೆಶಿನ್ ಕಡೆ ನೋಡ್ಲೇ ಇಲ್ಲ."

ಮಾರನೆಯ ದಿನ ಬೆಳಗ್ಗೆ ಅಡುಗೆಮನೆಯಲ್ಲಿ ಅವರಿದ್ದರು.

ಮೊದಲು ಮಾಡಿದ ಕೆಲಸ ಅಡುಗೆಯಲ್ಲ. ಸ್ಟೌವನ್ನು ಬಿಚ್ಚಿ ಗೋಣಿಚೀಲದ ಮೇಲೆ ಹರಡಿದರು. ಬರ್ನರಿನ ತೂತುಗಳನ್ನು ಸೂಜಿಯಿಂದ ಒಂದೊಂದಾಗಿ ಬಿಡಿಸಿದರು, ಪೈಪ್ ಬದಲಾಯಿಸಿದರು. ಹಳದಿಯಾಗಿ ಉರಿಯುತ್ತಿದ್ದ ಜ್ವಾಲೆ ನೀಲಿಯಾಯಿತು. "ನೋಡಿದ್ಯಾ ಹೊಳಲೂರು, ಅರ್ಧ ಗ್ಯಾಸು ಪಾತ್ರೆ ತಳ ಮಸಿ ಮಾಡೋಕೇ ಹೋಗ್ತಿತ್ತು" ಎಂದರು. ಈಳಿಗೆಮಣೆಯ ಅಲಗಿಗೆ ಅರ ಹಾಕಿ ಚೂಪು ಮಾಡಿದರು. ಕುಕ್ಕರಿನ ವಾಷರು ನೋಡಿದರು. ಇಷ್ಟೆಲ್ಲ ಆದ ಮೇಲೆ ಮುದ್ದೆಗೆ ಕೂತರು. ಮುದ್ದೆ ಗಂಟಾಯಿತು. ಸಾರು ಉಪ್ಪಾಯಿತು. ಅನ್ನ ತಳ ಹಿಡಿಯಿತು. ಮಗಳು ಡಬ್ಬಿಯ ಮುಚ್ಚಳ ತೆಗೆದು ನೋಡಿ ಮತ್ತೆ ಮುಚ್ಚಿದಳು.

ಅಜ್ಜಿ ಮಾತ್ರ ಸುಮ್ಮನಿರಲಿಲ್ಲ. "ನನ್ನ ಮಗ ಸೌಟು ಹಿಡಿಯೋದು ನೋಡೋಕೆ ಇನ್ನೂ ಬದುಕಿದೀನಲ್ಲ" ಎಂದು ಗೋಡೆಯ ಕಡೆ ತಿರುಗಿ ಕೂತರು. ಮಗನ ಕೈಯಡುಗೆ ಮುಟ್ಟುವುದಿಲ್ಲ ಎಂದು ಹಟ. ಎರಡು ದಿನ ಬರೀ ಮಂಡಕ್ಕಿ ತಿಂದುಕೊಂಡಿದ್ದರು. ಮಗ ತಟ್ಟೆ ತಂದು ಮುಂದಿಡುವುದು, ಅಜ್ಜಿ ಪಕ್ಕಕ್ಕೆ ಸರಿಸುವುದು. ಅಕ್ಕ ಹಾಸಿಗೆಯಿಂದ ಏಳಲು ನೋಡಿದರೆ ಫಿಟ್ಟರ್ ಅಣ್ಣ ಬಾಗಿಲಿಗೆ ಅಡ್ಡ ನಿಲ್ಲುವರು: "ನೀನು ಮಲಗು. ಇದು ನನಗೂ ಅವ್ವಂಗೂ ಇರೋದು."

ಮೂರನೆಯ ದಿನದ ಮಧ್ಯಾಹ್ನವನ್ನು ನಾನು ಮರೆಯುವ ಹಾಗೇ ಇಲ್ಲ. ಭಾನುವಾರ, ಎಲ್ಲರೂ ಮನೆಯಲ್ಲೇ. ಅವತ್ತು ಸಾರು ಬಾಯಿಗಿಡುವ ಹಾಗಿತ್ತು. ಫಿಟ್ಟರ್ ಅಣ್ಣ ಅಜ್ಜಿಗೆ ತಟ್ಟೆ ಇಟ್ಟು, ಮಗಳಿಗೆ, ನನಗೆ, ಅಕ್ಕನಿಗೆ ಬಡಿಸಿದರು. ಮಗಳು ಇನ್ನೊಂದು ಸೌಟು ಕೇಳಿದಳು, ನಾನೂ ಹಾಕಿಸಿಕೊಂಡೆ. ಕೊನೆಗೆ ತಮಗೆ ಬಡಿಸಿಕೊಳ್ಳಲು ಕೂತಾಗ ಪಾತ್ರೆಯ ತಳದಲ್ಲಿ ಬರೀ ಸಾಸಿವೆ, ಕರಿಬೇವು. ಅರ್ಧ ಮುದ್ದೆ ಉಳಿದಿತ್ತು. ಅವರು ಪಾತ್ರೆಯನ್ನು ಬಾಗಿಸಿ ನೋಡಿದರು. ಆಮೇಲೆ ಅಕ್ಕನನ್ನು ನೋಡಿದರು.

"ನೀನು ದಿನಾ ಏನ್ ತಿಂತಿದ್ದೆ?"

ಅಕ್ಕ ತಟ್ಟೆ ನೋಡುತ್ತಾ, "ಉಳಿದಿದ್ದು" ಎಂದರು.

"ಉಳೀತಿತ್ತಾ?"

ಅಕ್ಕ ಸೆರಗಿನಿಂದ ತಟ್ಟೆಯ ಅಂಚು ಒರೆಸಿದರು. ಆ ಮನೆಯಲ್ಲಿ ಎರಡು ತಿಂಗಳಿಂದ ಹೊಟ್ಟೆ ತುಂಬ ತಿಂದವಳು ನಾನು. ಎರಡನೇ ಸಲ ಹಾಕಿಸಿಕೊಂಡ ಸಾರು ನನ್ನ ತಟ್ಟೆಯಲ್ಲೇ ಇತ್ತು.

ಫಿಟ್ಟರ್ ಅಣ್ಣ ಎದ್ದು ಹೊರಗೆ ಹೋಗಿ ಜಗಲಿಯ ಮೇಲೆ ನಿಂತರು. ತುಸು ಹೊತ್ತಿನ ಮೇಲೆ ಒಳಗೆ ಬಂದು, ತಮ್ಮ ತಾಯಿಯ ಎದುರು ನೆಲದ ಮೇಲೆ ಕೂತರು. "ಅವ್ವ, ನಾನು ಚಿಕ್ಕೋನಿದ್ದಾಗ ನೀನು ನಮಗೆಲ್ಲ ಬಡಿಸ್ತಿದ್ದೆಯಲ್ಲ, ಆಮೇಲೆ ನೀನೇನ್ ತಿಂತಿದ್ದೆ?"

ಅಜ್ಜಿ ಗೋಡೆಯ ಕಡೆಯಿಂದ ತಿರುಗಿದರು. ಅಂಥದ್ದೊಂದು ಪ್ರಶ್ನೆಯನ್ನು ಅವರನ್ನು ಯಾರೂ ಕೇಳಿರಲಿಲ್ಲ ಎಂದು ಅವರ ಮುಖ ನೋಡಿದರೇ ತಿಳಿಯುತ್ತಿತ್ತು. "ಗಂಜಿ ತಿಳಿ ಕುಡೀತಿದ್ದೆ ಕಣೋ" ಎಂದರು. "ಉಪ್ಪು ಹಾಕ್ಕೊಂಡು. ಹಬ್ಬದ ದಿನ ಬಿಟ್ರೆ ಬರೀ ತಿಳಿ."

"ನಂಗೆ ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ."

ಅಜ್ಜಿ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು. ಒಂದು ತುತ್ತು ಬಾಯಿಗಿಟ್ಟು ಮುಖ ಕಿವುಚಿ, "ಹುಳಿ ಕುದಿಯೋಕೆ ಮುಂಚೆ ಒಗ್ಗರಣೆ ಹಾಕಿದೀಯ. ನಾಳೆ ನಾನು ಹೇಳ್ತೀನಿ, ಹಂಗೆ ಮಾಡು" ಎಂದರು.

ಆ ಮನೆಯ ಕಾನೂನು ಅವತ್ತಿಂದ ಬದಲಾಯಿತು. ಮೊದಲ ತಟ್ಟೆ ಅಕ್ಕನಿಗೆ, ಎರಡನೆಯದು ಅಜ್ಜಿಗೆ, ಆಮೇಲೆ ಉಳಿದವರು. ಬಡಿಸುವುದಕ್ಕೆ ಮೊದಲೇ ಐದು ತಟ್ಟೆಗೂ ಪಾಲು ಬೀಳಬೇಕು. "ಉಳಿದಿದ್ದು" ಎಂಬ ಪದವನ್ನು ಆ ಅಡುಗೆಮನೆಯಲ್ಲಿ ಯಾರೂ ಆಡುವಂತಿರಲಿಲ್ಲ.

ಅಜ್ಜಿ ಗುರುವಾದರು. ಅಡುಗೆಮನೆಯ ಹೊಸ್ತಿಲಲ್ಲಿ ಮಣೆ ಹಾಕಿಕೊಂಡು ಕೂತು ಹೇಳುವರು, ಮಗ ಮಾಡುವರು, ಕೇಳಿದ ಡಬ್ಬಿ ಇಳಿಸಿಕೊಡುವವಳು ನಾನು. ಹುರುಳಿಕಾಳನ್ನು ಮೊರದಲ್ಲಿ ಹರಡಿ, ಕನ್ನಡಕ ಹಾಕಿಕೊಂಡು ಕಲ್ಲು ಆರಿಸುವುದರಲ್ಲಿ ಫಿಟ್ಟರ್ ಅಣ್ಣನನ್ನು ಮೀರಿಸುವವರಿರಲಿಲ್ಲ. ನೆನೆಸಿದ ಕಾಳನ್ನು ಹೆಚ್ಚು ನೀರಲ್ಲಿ ಬೇಯಿಸಿ, ಬಸಿದ ಕಟ್ಟಿಗೆ ಹುಣಸೆ, ಬೆಳ್ಳುಳ್ಳಿ, ಮೆಣಸು ಹಾಕಿ ಸಾರು. ಬೆಂದ ಕಾಳಿಗೆ ಈರುಳ್ಳಿ, ಕಾಯಿತುರಿ ಹಾಕಿ ಪಲ್ಯ. "ಒಂದೇ ಉರಿ, ಎರಡು ಅಡುಗೆ" ಎಂದು ಹೆಮ್ಮೆಪಡುವರು. ಹೀರೆಕಾಯಿ ತಂದರೆ ತಿರುಳು ಗೊಜ್ಜಿಗೆ, ಸಿಪ್ಪೆ ಚಟ್ನಿಗೆ. ರೇಷನ್ ಅಕ್ಕಿಯನ್ನು ಮೂರು ನೀರಲ್ಲಿ ತೊಳೆದು, ಒಂದಿಷ್ಟು ಹೊತ್ತು ನೆನೆಯಲು ಬಿಟ್ಟು ಆಮೇಲೆ ಬೇಯಿಸಿದರೆ ಅಂಗಡಿಯ ಅಕ್ಕಿಯ ಹಾಗೆ ಅರಳುತ್ತದೆ ಎಂದು ಕಂಡುಹಿಡಿದಿದ್ದರು. ಬೀದಿಯ ಕೊನೆಯ ಖಾಲಿ ಸೈಟಿನಲ್ಲಿ ಒಂದು ನುಗ್ಗೆಮರವಿತ್ತು. ಯಾರೂ ತಿರುಗಿ ನೋಡದ ಆ ಮರದ ಸೊಪ್ಪು ವಾರಕ್ಕೆ ಮೂರು ದಿನ ನಮ್ಮ ತಟ್ಟೆಗೆ ಬಂತು: ಒಂದು ದಿನ ರೊಟ್ಟಿಯಲ್ಲಿ, ಒಂದು ದಿನ ಬಸ್ಸಾರಿನಲ್ಲಿ, ಇನ್ನೊಂದು ದಿನ ಮೊಟ್ಟೆಯ ಜೊತೆ ಹುರಿದು. ಎದುರು ಮನೆಯ ತಮಿಳು ಅಮ್ಮನಿಂದ ಹುಳಿಕೊಳಂಬು ಎನ್ನುವ ಗಟ್ಟಿ ಹುಣಸೆ ಸಾರು ಕಲಿತರು. ಬದಲಿಗೆ ಅವರ ಮಿಕ್ಸಿ ರಿಪೇರಿ ಮಾಡಿಕೊಟ್ಟರು.

ಒಂದು ಸಲ ಊರಿಂದ ಬರುವಾಗ ನಾನು ಶಿವಮೊಗ್ಗದಲ್ಲಿ ಬಿಸ್ಕೆಟ್ಟು, ಸೇಬುಹಣ್ಣು ಕೊಂಡು ತಂದೆ. ಅಕ್ಕನಿಗೆ ಒಳ್ಳೆಯದು ಎಂದು. ಫಿಟ್ಟರ್ ಅಣ್ಣ ತೆಗೆದುಕೊಳ್ಳಲಿಲ್ಲ, ಅವರ ಮುಖವೂ ಸರಿಯಿರಲಿಲ್ಲ. ಮಾರನೆಯ ದಿನ ತಾವೇ ಕರೆದು, "ಬೇಜಾರು ಮಾಡ್ಕೋಬೇಡ. ದುಡ್ಡು ಕೊಟ್ಟು ಕೊಂಡ್ಕೊಳ್ಳೋದನ್ನ ತರಬೇಡ. ನಿಮ್ಮೂರಲ್ಲಿ ಎಸೆಯೋದನ್ನ ತಾ" ಎಂದರು. ಮುಂದಿನ ವಾರ ನಮ್ಮ ಮನೆಯ ಹಿತ್ತಲಿಂದ ಗೊನೆ ಕಡಿದು ಬಿಟ್ಟಿದ್ದ ಬಾಳೆಯ ದಿಂಡು, ಬಾಳೆಹೂವು, ಒಂದು ಕಟ್ಟು ಕೆಸುವಿನ ಸೊಪ್ಪು ಚೀಲದಲ್ಲಿ ತುಂಬಿಕೊಂಡು ಬಂದೆ. ಬಸ್ಸಿನಲ್ಲಿ ಜನ ನನ್ನನ್ನು ವಿಚಿತ್ರವಾಗಿ ನೋಡಿದರು. ಫಿಟ್ಟರ್ ಅಣ್ಣ ಆ ಚೀಲವನ್ನು ಬಿಚ್ಚಿದಾಗ ಹೊಸ ಬೇರಿಂಗ್ ಕೈಗೆ ಸಿಕ್ಕವರ ಹಾಗೆ ಒಂದೊಂದನ್ನೇ ಎತ್ತಿ ತಿರುಗಿಸಿ ನೋಡಿದರು. ಬಾಳೆದಿಂಡಿನ ನಾರು ತೆಗೆಯುವುದನ್ನು ನನಗೆ ಹೇಳಿಕೊಟ್ಟದ್ದು ಅವತ್ತೇ. ಬಾಳೆಯ ನಾಡಿನಲ್ಲಿ ಹುಟ್ಟಿದವಳು ನಾನು, ಕಲಿತದ್ದು ಕಬ್ಬಿಣದ ಕೆಲಸದವರಿಂದ.

ಅವರ ಅಡುಗೆಯ ಭಾಷೆಯೂ ಕಾರ್ಖಾನೆಯದೇ. ಅನ್ನ ಆಯ್ತಾ ಎಂದರೆ "ಫೈನಲ್ ಫಿನಿಶಿಂಗಲ್ಲಿದೆ." ಉಪ್ಪಿನ ವಿಷಯದಲ್ಲಿ "ಟಾಲರೆನ್ಸೇ ಇಲ್ಲ, ಒಂದು ಚಿಟಿಕೆ ಆಚೆ ಈಚೆ ಆದ್ರೆ ಜಾಬ್ ರಿಜೆಕ್ಟ್." ಕಡಿಮೆ ಖರ್ಚಿನ ಅಡುಗೆ ಎಂದು ಯಾರಾದರೂ ಹೊಗಳಿದರೆ ಸಿಟ್ಟು ಬರುತ್ತಿತ್ತು. "ಕಡಿಮೆ ಖರ್ಚು ಅನ್ಬೇಡಿ. ಪೂರ್ತಿ ಅಡುಗೆ ಅನ್ನಿ. ತಂದಿದ್ದರಲ್ಲಿ ಏನೂ ಬಿಟ್ಟಿಲ್ಲ ಅಂತ" ಎನ್ನುವರು. ಆಸೆಯಿಂದ ಹಾಕಿಸಿಕೊಂಡು ತಟ್ಟೆಯಲ್ಲಿ ಬಿಟ್ಟವರ ಮೇಲೆ ಕಣ್ಣು ಕೆಂಪಾಗುತ್ತಿತ್ತು. ಒಮ್ಮೆ ಮಗಳು ಅರ್ಧ ರೊಟ್ಟಿ ಬಿಟ್ಟಳೆಂದು ಸಂಜೆಯವರೆಗೆ ಅವಳನ್ನು ಮಾತಾಡಿಸಲಿಲ್ಲ. ಅದು ಅವರ ದೋಷ. ನಾವು ಅಡುಗೆ ಚೆನ್ನಾಗಿದೆ ಎನ್ನದಿದ್ದರೆ ಮುನಿಸಿಕೊಳ್ಳುವುದು ಇನ್ನೊಂದು. ಕೆಸುವಿನ ಪತ್ರೊಡೆ ತಿಂದು ನನ್ನ ಗಂಟಲು ತುರಿಸಿದ ದಿನ, ಹುಳಿ ಕಡಿಮೆಯಾಗಿದೆ ಎಂದು ಕೊನೆಗೂ ಒಪ್ಪಲಿಲ್ಲ. "ನಿನ್ನ ಗಂಟಲೇ ಸರಿಯಿಲ್ಲ ಮಾರಾಯ್ತಿ" ಎಂದರು.

ಕೇರಿಯಲ್ಲಿ ಮಾತು ಹಬ್ಬದೆ ಇರುತ್ತದೆಯೇ? ಟೀ ಅಂಗಡಿಯ ಮುಂದೆ ಅವರ ಜೊತೆ ಕೆಲಸಕ್ಕಿದ್ದ ಒಬ್ಬರು, ಎಲ್ಲರಿಗೂ ಕೇಳುವ ಹಾಗೆ, "ಏನ್ ಫಿಟ್ಟರ್, ಈಗ ಯಾವ ಸೈಜಿನ ಸೌಟು ಹಿಡೀತೀಯ?" ಎಂದರಂತೆ. ಫಿಟ್ಟರ್ ಅಣ್ಣನ ಕೈಯಲ್ಲಿ ಸೊಪ್ಪಿನ ಕಟ್ಟು. "ನಿನ್ನ ಬಾಯಿಗೆ ಸರಿಯಾಗೋ ಸೈಜೇ ಮಾರಾಯ. ಬಾ ಊಟಕ್ಕೆ" ಎಂದು ತೋಳು ಹಿಡಿದು ಕರೆದುಕೊಂಡೇ ಬಂದರು. ಆ ಮನುಷ್ಯ ಅವಮಾನದಿಂದ ತಲೆ ತಗ್ಗಿಸಿ ಕೂತವರು, ಕಟ್ಟಿನ ಸಾರು ಬಿದ್ದ ಮೇಲೆ ತಲೆ ಎತ್ತಿದರು. ಇನ್ನೊಂದು ಮುದ್ದೆ ಕೇಳಿದರು. ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ ಮೆಲ್ಲಗೆ, "ಹುರುಳಿ ಎಷ್ಟೊತ್ತು ನೆನೆಸ್ಬೇಕು?" ಎಂದರು. ಮನೆಯಲ್ಲಿ ಅವರ ಹೆಂಡತಿಗೂ ಮೈ ಸರಿಯಿರಲಿಲ್ಲವಂತೆ. ಫಿಟ್ಟರ್ ಅಣ್ಣ ನಗಲಿಲ್ಲ. ಒಂದು ಚೀಟಿಯಲ್ಲಿ ಎಲ್ಲವನ್ನೂ ಬರೆದು ಕೊಟ್ಟರು.

ಮಗಳ ಡಬ್ಬಿಯ ಕತೆಯೂ ಹಾಗೆಯೇ. ಮೊದಮೊದಲು ನಾಚಿಕೊಳ್ಳುತ್ತಿದ್ದ ಹುಡುಗಿ ಒಂದು ಸಂಜೆ ಹಸಿದುಕೊಂಡು ಬಂದು, "ಅಪ್ಪ, ನುಗ್ಗೆಸೊಪ್ಪಿನ ರೊಟ್ಟಿ ಪೂರ್ತಿ ಫ್ರೆಂಡ್ಸೇ ತಿಂದ್ಬಿಟ್ರು" ಎಂದು ದೂರಿದಳು. ಮಾರನೆಯ ದಿನ ಡಬ್ಬಿಯಲ್ಲಿ ಎರಡು ರೊಟ್ಟಿ ಹೆಚ್ಚಿತ್ತು.

ಅಕ್ಕನಿಗೆ ಮಾತ್ರ ಸಂಕೋಚ ಹೋಗಲಿಲ್ಲ. ಕೆಲವು ವಾರ ರಜೆ ಹಾಕಿ ಮತ್ತೆ ಗಾರ್ಮೆಂಟ್ಸಿಗೆ ಹೋಗತೊಡಗಿದ ಮೇಲೆ, ಅಲ್ಲಿ ಡಬ್ಬಿ ಬಿಚ್ಚಿದಾಗ ಯಾರಾದರೂ ಕೇಳಿದರೆ "ನಮ್ಮತ್ತೆ ಮಾಡಿದ್ದು" ಎನ್ನುತ್ತಿದ್ದರಂತೆ. ಇದು ಫಿಟ್ಟರ್ ಅಣ್ಣನ ಕಿವಿಗೂ ಬಿದ್ದಿತ್ತು. "ಹೇಳ್ಕೊಳ್ಲಿ ಬಿಡು. ಅವ್ವಂಗೂ ಖುಷಿ" ಎಂದಿದ್ದರು. ಆದರೆ ಅವತ್ತು ಬಟ್ಟಲು ತೊಳೆಯುವಾಗ ಸದ್ದು ಸ್ವಲ್ಪ ಜೋರಾಗಿತ್ತು.

ಮೂರು ತಿಂಗಳು ಮುಗಿದ ಮೇಲೆ ಮತ್ತೆ ಶಿವಮೊಗ್ಗಕ್ಕೆ ಹೋದೆವು. ನಾನು ಅರ್ಧ ದಿನ ರಜೆ ಹಾಕಿದ್ದೆ. ರಕ್ತದ ರಿಪೋರ್ಟು ಬರುವವರೆಗೆ ಫಿಟ್ಟರ್ ಅಣ್ಣ ಕುರ್ಚಿಯಲ್ಲಿ ಕೂರಲಿಲ್ಲ. ಗೋಡೆಗೆ ಅಂಟಿಸಿದ್ದ ಪಟಗಳನ್ನೆಲ್ಲ ಓದುತ್ತಾ ನಿಂತಿದ್ದರು. ಡಾಕ್ಟರಮ್ಮ ಹಳೆಯ ಚೀಟಿ, ಹೊಸ ಚೀಟಿ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡಿದರು. ಅಕ್ಕನ ಕಣ್ಣಿನ ರೆಪ್ಪೆ ಎಳೆದು ನೋಡಿದರು.

"ಮಾತ್ರೆ ತಪ್ಪಿಸಿಲ್ಲ ಅಲ್ವಾ?"

"ಒಂದು ದಿನಾನೂ ಇಲ್ಲ ಮೇಡಂ" ಎಂದರು ಫಿಟ್ಟರ್ ಅಣ್ಣ.

"ಬರೀ ಮಾತ್ರೆಯಿಂದ ಇಷ್ಟು ಬೇಗ ಬರಲ್ಲ. ಊಟಾನೂ ಚೆನ್ನಾಗಿ ಸೇರಿದೆ. ಮುಂದಿನ ವಾರ ಅಡ್ಮಿಟ್ ಮಾಡಿ."

ಹೊರಗೆ ಬಂದ ಮೇಲೆ ಅವರು ನನಗೆ ಒಂದು ಲೋಟ ಕಬ್ಬಿನ ಹಾಲು ಕೊಡಿಸಿದರು. ಎರಡು ವರ್ಷದಲ್ಲಿ ಅವರು ಹೊರಗೆ ಕೊಡಿಸಿದ್ದು ಅದೊಂದೇ.

ಆಪರೇಷನ್ ಸಸೂತ್ರವಾಗಿ ಆಯಿತು. ಆಸ್ಪತ್ರೆಯಲ್ಲಿ ಊಟ ಕೊಡುತ್ತಿದ್ದರೂ, ಡಾಕ್ಟರನ್ನು ಕೇಳಿಕೊಂಡು ಫಿಟ್ಟರ್ ಅಣ್ಣ ದಿನಾ ಮಧ್ಯಾಹ್ನ ಭದ್ರಾವತಿಯಿಂದ ಕ್ಯಾರಿಯರ್ ಹಿಡಿದು ಬರುತ್ತಿದ್ದರು. ಒಂದರಲ್ಲಿ ಮೆತ್ತಗಿನ ಅನ್ನ, ಒಂದರಲ್ಲಿ ಸಪ್ಪೆ ಸಾರು, ಒಂದರಲ್ಲಿ ಸೊಪ್ಪು. ನಾನು ಅರ್ಧ ದಿನದ ಕೆಲಸ ಮುಗಿಸಿ ಹೋದ ಶನಿವಾರ ವಾರ್ಡಿನಲ್ಲಿ ಹೆಂಗಸರು ತುಂಬಿದ್ದರು. ಕ್ಯಾರಿಯರ್ ಬಿಚ್ಚುತ್ತಲೇ ಬೆಳ್ಳುಳ್ಳಿ ಒಗ್ಗರಣೆಯ ಪರಿಮಳ ಹರಡಿತು. ಪಕ್ಕದ ಮಂಚದ ಹೆಂಗಸು ಕತ್ತೆತ್ತಿ, "ದಿನಾ ಎಷ್ಟು ಚೆನ್ನಾಗಿರೋ ಊಟ ಬರುತ್ತಲ್ಲ ನಿಮಗೆ! ನಿಮ್ಮತ್ತೆ ಮಾಡ್ತಾರಾ?" ಎಂದು ಕೇಳಿದರು.

ಫಿಟ್ಟರ್ ಅಣ್ಣ ಬೇರೆ ಕಡೆ ನೋಡುತ್ತಾ ಮುಚ್ಚಳ ಒರೆಸತೊಡಗಿದರು. ಅಕ್ಕ ದಿಂಬಿಗೆ ಕೈಯೂರಿ, ಹೊಲಿಗೆಯ ನೋವಿಗೆ ಹಲ್ಲು ಕಚ್ಚಿ, ಎದ್ದು ಕೂತರು.

"ಅಲ್ಲ. ನಮ್ಮ ಯಜಮಾನ್ರು ಮಾಡ್ತಾರೆ. ಬೆಳಗ್ಗೆ, ಮಧ್ಯಾಹ್ನ, ರಾತ್ರಿ, ಮೂರು ಹೊತ್ತೂ ಇವರೇ. ನನ್ನ ಮೈಲಿರೋ ರಕ್ತ ಇವರು ಬೇಯಿಸಿ ಹಾಕಿದ್ದು."

ಇಡೀ ವಾರ್ಡು ಅವರನ್ನು ನೋಡಿತು. ಔಷಧಿ ಕೊಡಲು ಬಂದಿದ್ದ ನರ್ಸು ಕೂಡ ನಿಂತು ನೋಡಿದರು. ಫಿಟ್ಟರ್ ಅಣ್ಣನ ಕಿವಿ ಕೆಂಪಾಯಿತು. "ಸುಮ್ನಿರು, ಊಟ ಆರಿಹೋಗುತ್ತೆ" ಎಂದು ಗದರಿದರು. ಆದರೆ ತಟ್ಟೆ ಕೈಗಿಡುವಾಗ ಆ ಕೈ ಒಂದು ಕ್ಷಣ ಅಕ್ಕನ ಕೈಯ ಮೇಲೆ ಹಾಗೇ ಇತ್ತು. ಆಮೇಲೆ ಕಾರಿಡಾರಿನಲ್ಲಿ ನನ್ನ ಜೊತೆ ನಡೆಯುವಾಗ, "ಕಾರ್ಖಾನೇಲಿ ಬೆಸ್ಟ್ ವರ್ಕರ್ ಅಂತ ಒಂದ್ಸಲ ಗಡಿಯಾರ ಕೊಟ್ಟಿದ್ರು ಹೊಳಲೂರು. ಅವತ್ತೂ ಹಿಂಗೆ ಎದೆ ಹೊಡ್ಕೊಂಡಿರ್ಲಿಲ್ಲ" ಎಂದರು.

ಅಕ್ಕ ಹುಷಾರಾದರು. ಸ್ವಲ್ಪ ದಿನದ ಮೇಲೆ ನಮ್ಮ ವರ್ಕ್‌ಶಾಪಿನಲ್ಲೇ ಒಬ್ಬ ಫಿಟ್ಟರ್ ಬೇಕಾಗಿದ್ದರು. ನಾನೇ ಮಾಲೀಕರ ಹತ್ತಿರ ಮಾತಾಡಿದೆ. ಫಿಟ್ಟರ್ ಅಣ್ಣ ಬಂದು ಮೆಶಿನ್ ಮುಟ್ಟಿ ನೋಡಿದರು, ಒಪ್ಪಿಕೊಂಡರು, ಆದರೆ ಒಂದು ಶರತ್ತಿನ ಮೇಲೆ: ಮನೆಯ ಅಡುಗೆ ಮುಗಿಸಿಕೊಂಡು ಬರುವುದು, ಸಂಜೆಯ ಅಡುಗೆಗೆ ಸರಿಯಾಗಿ ಹೊರಡುವುದು. ಮಾಲೀಕರು ನಕ್ಕರು. "ಅಡುಗೆ ನಿಮ್ಮ ಮನೆಯವ್ರು ಮಾಡ್ಲಿ ಬಿಡ್ರಿ, ಈಗ ಹುಷಾರಾಗಿದಾರಲ್ಲ." ಫಿಟ್ಟರ್ ಅಣ್ಣ ಬಹಳ ಶಾಂತವಾಗಿ ಹೇಳಿದರು: "ಅವ್ರು ಹುಷಾರಾಗಿದಾರೆ ಅಂತ ನಾನು ಕೆಲಸ ಬಿಡಕ್ಕಾಗುತ್ತಾ ಸರ್? ಆ ಕೆಲಸ ಪರ್ಮನೆಂಟು." ಮಾಲೀಕರು ಶರತ್ತಿಗೆ ಒಪ್ಪಿದರು. ಅಷ್ಟು ನುರಿತ ಕೈ ಅವರಿಗೆ ಬೇರೆಲ್ಲಿ ಸಿಗಬೇಕು?

ನನ್ನ ಮದುವೆಯಾಯಿತು, ಶಿವಮೊಗ್ಗಕ್ಕೆ ಬಂದೆ. ಬಾಣಂತನ ಮುಗಿಸಿ ತವರಿಂದ ಮರಳಿದ ಹೊಸದರಲ್ಲಿ ಅವರೂ ಅಕ್ಕನೂ ಮಗುವನ್ನು ನೋಡಲು ಬಂದಿದ್ದರು. ನನ್ನ ಮುಖ ನೋಡಿ ಫಿಟ್ಟರ್ ಅಣ್ಣ ಮಗುವನ್ನು ಎತ್ತಿಕೊಳ್ಳುವುದಕ್ಕೂ ಮೊದಲು ಕೇಳಿದ್ದು: "ಇವತ್ತು ನೀನು ಏನ್ ತಿಂದೆ? ಎಷ್ಟೊತ್ತಿಗೆ ತಿಂದೆ?" ನಾನು ತಡವರಿಸಿದೆ. ಅವರು ನನ್ನ ಗಂಡನ ಕಡೆ ತಿರುಗಿ, "ಬನ್ನಿ, ಒಂದು ಐಟಮ್ ಹೇಳ್ಕೊಡ್ತೀನಿ" ಎಂದು ಒಳಗೆ ಕರೆದುಕೊಂಡು ಹೋದರು. ನನ್ನ ಗಂಡ ಅಲ್ಲಿಯವರೆಗೆ ಟೀ ಕೂಡ ಕಾಯಿಸಿದವರಲ್ಲ. ಅರ್ಧ ಗಂಟೆಯ ನಂತರ ಇಬ್ಬರೂ ಹೊರಬಂದಾಗ ಇವರ ಅಂಗಿಯ ಮೇಲೆ ಅರಿಶಿನದ ಕಲೆ, ಮುಖದ ಮೇಲೆ ಗೆದ್ದ ಕಳೆ. ಈಗ ಭಾನುವಾರದ ಅಡುಗೆ ಇವರದು.

ಅಜ್ಜಿ ನಾಲ್ಕು ವರ್ಷದ ಹಿಂದೆ, ತುಂಬು ವಯಸ್ಸಿಗೆ ಹೋದರು. ಮಗಳು ಓದಿ ನರ್ಸ್ ಆದಳು. ಫಿಟ್ಟರ್ ಅಣ್ಣ ಈ ವರ್ಷ ಒಂದು ಮಧ್ಯಾಹ್ನ ಊಟ ಮುಗಿಸಿ, ಪಾತ್ರೆ ತೊಳೆದು ಬೋರಲು ಹಾಕಿ, ತುಸು ಅಡ್ಡಾಗುತ್ತೇನೆ ಎಂದು ಮಲಗಿದವರು ಏಳಲಿಲ್ಲ.

ಮೂರನೆಯ ದಿನ, ಹಾಲು ತುಪ್ಪ ಬಿಟ್ಟು ಬಂದ ಮೇಲೆ, ಮನೆಯ ತುಂಬ ನೆಂಟರು. ಅಲ್ಲಿಯವರೆಗೆ ಅಕ್ಕಪಕ್ಕದ ಮನೆಯವರೇ ಊಟ ಕಳಿಸಿದ್ದರು. ಇನ್ನು ಒಲೆ ಹಚ್ಚಬೇಕಿತ್ತು. ಅಕ್ಕ ಎದ್ದು ಅಡುಗೆಮನೆಗೆ ಹೋದರು, ನಾನೂ ಹಿಂದೆಯೇ ಹೋದೆ. ಬಾಣಲೆಯಲ್ಲಿ ಎಣ್ಣೆ ಕಾದಿತ್ತು. ಅಕ್ಕ ಕಪಾಟಿನ ಮುಂದೆ ನಿಂತು ಒಂದು ಡಬ್ಬಿ ತೆಗೆದರು, ಮುಚ್ಚಿದರು. ಇನ್ನೊಂದು ತೆಗೆದರು, ಮುಚ್ಚಿದರು.

ಬಾಗಿಲಲ್ಲಿ ನಿಂತಿದ್ದ ನೆಂಟರ ಹೆಂಗಸೊಬ್ಬರು, "ಅಯ್ಯೋ, ಏನು ಹುಡುಕ್ತಿದೀರ?" ಎಂದರು.

"ಸಾಸಿವೆ."

"ನಿಮ್ಮನೆ ಸಾಸಿವೆ ಎಲ್ಲಿದೆ ಅಂತ ನಿಮಗೇ ಗೊತ್ತಿಲ್ವಾ?"

ಅಕ್ಕ ತಿರುಗಿದರು. ಕಣ್ಣಲ್ಲಿ ನೀರು ತುಂಬಿತ್ತು, ತಲೆ ಮಾತ್ರ ನೆಟ್ಟಗಿತ್ತು.

"ಗೊತ್ತಿಲ್ಲ ಕಣ್ರೀ. ಹನ್ನೆರಡು ವರ್ಷದಿಂದ ಗೊತ್ತಿಲ್ಲ. ನಿಮ್ಮಲ್ಲಿ ಯಾರಿಗಿದೆ ಈ ಭಾಗ್ಯ, ಹೇಳಿ ನೋಡೋಣ?"

ನಾನು ಮೇಲಿನ ಸಾಲಿನ ಎಡಗಡೆಯ ಮೂರನೇ ಡಬ್ಬಿಯನ್ನು ಇಳಿಸಿ, ಮುಚ್ಚಳ ತೆಗೆದು, ಅಕ್ಕನ ಕೈಗೆ ಕೊಟ್ಟೆ.